ಅಪ್ಪನ ಬೆರಳಿನ ಅಳತೆ

ವೆಟ್ಸ್‌ಲಾರ್, ಮಂಗಳವಾರ

ಫ್ರೌ ಕೋಲ್ಬೆ ಅವರಿಗೆ ವಂದನೆಗಳು.

ನಿಮ್ಮ ಅಂಗಡಿ ಬಾಗಿಲನ್ನು ಮೂರು ಸಲ ಬಡಿದು, ಕೊನೆಗೆ ಈ ಕಾಗದವನ್ನು ಟಪಾಲು ಕಿಂಡಿಯಲ್ಲಿ ತೂರಿಸುತ್ತಿದ್ದೇನೆ. ರಿಪೇರಿಗೆ ಕೊಟ್ಟ ಅಪ್ಪನ ಹಳೆಯ ಲೆನ್ಸನ್ನು ದಯವಿಟ್ಟು ಬಿಚ್ಚಬೇಡಿ.

ಕಣ್ಣು ಮಂಜಾದ ಮೇಲೆ ಅಪ್ಪ ಅದರ ಫೋಕಸ್ ಹಿಡಿಯನ್ನು ಬೆರಳಲ್ಲಿ ಸರಿಸಿಯೇ ದೂರ ಅಳೆಯುತ್ತಾನೆ. ಅದೇ ಲೆನ್ಸನ್ನು ನಾನು ಕೊಡಿಸಿದ ಹೊಸ ಕ್ಯಾಮೆರಾಗೆ ಹಾಕಿ ಅವನು ತೆಗೆದ ಫೋಟೋದಲ್ಲಿ ನನ್ನ ಮುಖ ಮಬ್ಬಾಗಿ, ಹಿಂದಿನ ಗೋಡೆ ಗಡಿಯಾರ ಸ್ಪಷ್ಟವಾಗಿ ಬಂತು.

"ನಿನ್ನ ಬೆರಳಿಗೂ ವಯಸ್ಸಾಯ್ತಪ್ಪ," ಅಂದೆ.

"ನಿನ್ನ ಕ್ಯಾಮೆರಾ ನೀನೇ ಇಟ್ಕೋ ಮಾರಾಯ," ಅಂದವನು ಮತ್ತೆ ಅದನ್ನು ಮುಟ್ಟಿಲ್ಲ.

ಇವತ್ತು ಅಳೆದು ನೋಡಿದೆ. ಲೆನ್ಸನ್ನು ಕ್ಯಾಮೆರಾಗೆ ಕೂಡಿಸಲು ನಾನು ಚೌಕಾಸಿ ಮಾಡಿ ತಂದ ಅಡಾಪ್ಟರ್ ಉಂಗುರವೇ ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ತೆಳು. ಫೋಕಸ್ ಹಿಂದಿನ ಗೋಡೆಗೆ ಜಾರಿದ್ದು ಅದರಿಂದಲೇ. ಸರಿಯಾದದ್ದೊಂದನ್ನು ತೆಗೆದಿಡಿ, ನಾಳೆ ಬರುತ್ತೇನೆ.

ಅದಕ್ಕೂ ಮೊದಲು ಅಪ್ಪನಿಗೆ ನೀವೇ ಫೋನ್ ಮಾಡಿ, ಬೆರಳು ಸರಿಯಾಗೇ ಇತ್ತೆಂದು ಹೇಳಿ. ನಾನು ಮಾತು ಮಾರಿ ಬದುಕಿದವನು. ನನ್ನನ್ನು ಅವನು ನಂಬುವುದಿಲ್ಲ.

ಇಂತಿ,
ಹಾರ್ರೋ ವೆಸ್ಲಿಂಗ್