ಎರಡು ಸಲ ತುಳಿಯುವ ಬ್ರೇಕು

ಮಾವ,

ನಿನ್ನ ಕೊಟ್ರ ಬರೆಯುತ್ತಿದ್ದೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಕಾಗದ ಬರೆಯಲು ಕೂತಿದ್ದಾನೆ ಎಂದರೆ ನೀನು ನಗುತ್ತೀಯ. ನಗು. ಆದರೆ ನನಗೆ ಅಕ್ಷರ ಮರೆಯದಂತೆ ನೋಡಿಕೊಂಡವನು ನೀನೇ. ಕೂಡ್ಲಿಗಿಗೆ ಹೋಗುವಾಗ, ಹಡಗಲಿಗೆ ಹೋಗುವಾಗ, ಮುಂದಿನ ಲಾರಿಯ ಬೆನ್ನ ಮೇಲೆ ಬರೆದದ್ದನ್ನೆಲ್ಲ ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದೆ. ನಾನು ತಡವರಿಸಿದರೆ ಓವರ್‌ಟೇಕ್ ಮಾಡದೆ, ಓದಿ ಮುಗಿಯುವವರೆಗೆ ಅದರ ಹಿಂದೆಯೇ ಹೋಗುತ್ತಿದ್ದೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನನಗೆ ಈಗಲೂ ಆಗುವುದಿಲ್ಲ. ಬರೆಯಲು ಮಾತ್ರ ಆಗುತ್ತದೆ. ವಿಷಯ ಗಾಡಿಯದು ಮಾವ, ನಿನ್ನ ಪಿಕಪ್ಪಿನದು. ಹೇಗೆ ಶುರು ಮಾಡಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ.

ನನ್ನ ಕೈಗೆ ಮೊದಲ ಸಲ ಸ್ಟೇರಿಂಗ್ ಕೊಟ್ಟ ದಿನ ನೆನಪಿದೆಯಾ? ಬೇಸಿಗೆ. ಕೆರೆಯಂಗಳ ಬಿರುಕು ಬಿಟ್ಟು ಬಯಲಾಗಿತ್ತು. ನಾನು ಬ್ರೇಕ್ ತುಳಿದೆ, ಪೆಡಲ್ಲು ಸೀದಾ ಕೆಳಗೆ ಹೋಯಿತು, ಗಾಡಿ ಜಾಲಿ ಗಿಡದೊಳಗೆ ನುಗ್ಗಿತು. ನೀನು ಬೈಯಲಿಲ್ಲ. ಕೈಗೆ ಚುಚ್ಚಿದ ಮುಳ್ಳು ಕೀಳುತ್ತಾ ಹೇಳಿದೆ: "ಎರಡು ಸಲ ತುಳೀಬೇಕಲೇ. ಮೊದಲ್ನೇದು ಅದನ್ನ ಎಬ್ಬಸಾಕ, ಎರಡನೇದು ನಿಲ್ಸಾಕ." ಎಷ್ಟು ಚಂದ ಹೇಳಿದ್ದೆ. ಭೂಮಿಯ ಮೇಲಿನ ಎಲ್ಲ ಗಾಡಿಗಳ ಬ್ರೇಕೂ ಹೀಗೇ ಇರುತ್ತದೆ ಎಂದುಕೊಂಡೆ. ಬೇರೆ ಗಾಡಿ ನಾನು ಯಾವಾಗ ಓಡಿಸಿದ್ದೆ, ಗೊತ್ತಾಗಲು?

ಅಡ್ಡಗಲ್ಲಿನ ಕಥೆಯೂ ಹಾಗೆಯೇ. ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲವೆಂದು ನೀನು ಹೊಲದಿಂದ ಆ ಮೂಲೆಗಲ್ಲು ತಂದು ಇಟ್ಟುಕೊಂಡೆ. ಗಾಡಿ ನಿಂತ ಕೂಡಲೇ ಹಿಂದೆ ಕೂತ ಕೂಲಿಯವರೊಳಗಿಂದ ಹನುಮಕ್ಕ ಕಲ್ಲು ಹಿಡಿದು ಜಿಗಿಯುತ್ತಿದ್ದಳು. ಗಾಲಿಗೆ ಕೊಟ್ಟು, "ಇಳೀರವ್ವ" ಎನ್ನುತ್ತಿದ್ದಳು. ಅವಳು ಹೇಳುವವರೆಗೆ ಕೂಲಿಗೆ ಬಂದ ಹೆಂಗಸರಲ್ಲಿ ಒಬ್ಬರೂ ಕಾಲು ಕೆಳಗಿಡುತ್ತಿರಲಿಲ್ಲ. ಆಯುಧ ಪೂಜೆಯ ದಿನ ನೀನು ಗಾಡಿಗಿಂತ ಮೊದಲು ಆ ಕಲ್ಲಿಗೆ ವಿಭೂತಿ ಹಚ್ಚುತ್ತಿದ್ದೆ. ಹೆಂಗಸರು ಅದಕ್ಕೂ ಹೂವು ಏರಿಸುತ್ತಿದ್ದರು. ಕಲ್ಲಿಗೆ ಅಷ್ಟು ಪೂಜೆ ಮಾಡಿದ ನಾವು ಹ್ಯಾಂಡ್‌ಬ್ರೇಕನ್ನು ಯಾಕೆ ಮಾಡಿಸಲಿಲ್ಲ ಮಾವ? ಈ ಪ್ರಶ್ನೆ ಆಗ ನನಗೆ ಬರಲೇ ಇಲ್ಲ. ಯಾರಿಗೂ ಬರಲಿಲ್ಲ.

ನೀನು ಹೋದ ಮೇಲೆ ಗಾಡಿಯ ಕೀಲಿಕೈಯನ್ನು ಅತ್ತೆ ಒಂದು ತಿಂಗಳು ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಆಮೇಲೊಂದು ಬೆಳಿಗ್ಗೆ ನನ್ನ ಅಂಗೈಯಲ್ಲಿಟ್ಟು, ನಿಮ್ಮ ಮಾವ ಓಡಿಸಿದ ಹಾಗೇ ಓಡಿಸು ಎಂದಳು. ಸೋಮವಾರ ಸೋಮವಾರ ಸೆರಗಿನಿಂದ ಡ್ಯಾಶ್‌ಬೋರ್ಡ್ ಒರೆಸುತ್ತಾಳೆ. ಸೀಟಿನ ಮೇಲಿನ ನಿನ್ನ ಟವೆಲ್ಲನ್ನು ಒಗೆಯುವುದಕ್ಕೂ ಬಿಟ್ಟಿರಲಿಲ್ಲ. ನಾನು ನೀನು ಓಡಿಸಿದ ಹಾಗೇ ಓಡಿಸಿದೆ. ಎರಡು ಸಲ ತುಳಿದು.

ಹಗರಿಬೊಮ್ಮನಹಳ್ಳಿ ಮಾರುಕಟ್ಟೆಯಲ್ಲಿ ಆದದ್ದನ್ನು ನಿನಗೆ ಹೇಳಲು ನಾಚಿಕೆ. ಈರುಳ್ಳಿ ಇಳಿಸಿ ಹೊರಡಬೇಕು, ಅಡ್ಡ ಒಂದು ಪಿಕಪ್ಪು ನಿಂತಿತ್ತು. ಅದರ ಯಜಮಾನ ಚೀಲದ ಮೇಲೆ ಕೂತು ಚಹಾ ಕುಡಿಯುತ್ತಿದ್ದವನು, ಕೀಲಿ ಅಲ್ಲೇ ಐತಿ, ನೀನ ಸರಿಸು ಅಂದ. ಸರಿಸಿದೆ. ಗೋಡೆ ಹತ್ತಿರ ಬಂದಾಗ ಅಭ್ಯಾಸದಂತೆ ಜೋರಾಗಿ ತುಳಿದೆ. ಗಾಡಿ ಮೊಳೆ ಹೊಡೆದಂತೆ ನಿಂತಿತು, ನನ್ನ ಹಣೆ ಗಾಜಿಗೆ ಬಡಿಯಿತು. ನಿಂತ ಗಾಡಿಯನ್ನು ಮತ್ತೊಮ್ಮೆಯೂ ತುಳಿದೆ. ಅವನು ಚಹಾ ಚೆಲ್ಲಿಕೊಂಡು ನಕ್ಕ. "ಏನಲೇ, ಹಾವು ತುಳಿದಂಗ ತುಳೀತಿ. ಯಾರು ಕಲಿಸಿದ್ರಲೇ ನಿನಗ?" ನಿನ್ನ ಹೆಸರು ಹೇಳಲು ಬಾಯಿ ಬರಲಿಲ್ಲ ಮಾವ. ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಒಂದೇ ಸಲಕ್ಕೆ ನಿಲ್ಲುವ ಗಾಡಿಗಳೂ ಇವೆ. ಹಾಗಾದರೆ ಇಷ್ಟು ವರ್ಷ ನಾವು...

ಅದಾದ ನಾಲ್ಕನೇ ದಿನ ಉಜ್ಜಿನಿ ಕಡೆಯ ಹೊಲಕ್ಕೆ ಈರುಳ್ಳಿ ಕೀಳಲು ಹೆಂಗಸರನ್ನು ಕರೆದೊಯ್ಯುತ್ತಿದ್ದೆ. ಹಿಂದೆ ಹದಿನಾಲ್ಕು ಜನ. ಸರಕಿನ ಗಾಡಿಯಲ್ಲಿ ಮಂದಿಯನ್ನು ಕೂರಿಸುವುದೇ ತಪ್ಪು ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಆದರೆ ಆ ಹೊಲಗಳಿಗೆ ಬೇರೆ ಯಾವ ಗಾಡಿ ಬರುತ್ತದೆ? ಸಣ್ಣ ಸೇತುವೆಗೆ ಇಳಿಯುವ ಆ ಇಳಿಜಾರು ಗೊತ್ತಲ್ಲ ನಿನಗೆ. ಸೇತುವೆಯ ಮೇಲೆ ಕುರಿ ಹಿಂಡು ಇತ್ತು. ತುಳಿದೆ, ಪೆಡಲ್ಲು ಕೆಳಗೆ ಹೋಯಿತು. ಮತ್ತೆ ತುಳಿದೆ, ಆಗಲೂ ಹೋಯಿತು. ಮೂರನೆಯದಕ್ಕೂ ಏನೂ ಇಲ್ಲ. ಹಿಂದೆ ಯಾರೋ ಯಾರದೋ ಸೊಸೆಯ ಅಡಿಗೆಯನ್ನು ಆಡಿಕೊಳ್ಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಆ ನಗು ನನ್ನ ಕಿವಿಯಲ್ಲಿ ಈಗಲೂ ಇದೆ. ಗೇರು ಇಳಿಸಿ, ರಸ್ತೆ ಬಿಟ್ಟು, ಪಕ್ಕದ ಮರಳಿಗೆ ಹತ್ತಿಸಿದೆ. ಎಷ್ಟನೇ ಸಲ ತುಳಿದಾಗ ನಿಂತಿತೋ ಲೆಕ್ಕ ತಪ್ಪಿತು. ಹನುಮಕ್ಕ ಜಿಗಿದು ಕಲ್ಲು ಕೊಟ್ಟಳು. ಗಾಲಿಯ ಹತ್ತಿರ ಸ್ವಲ್ಪ ಹೊತ್ತು ಕೂತೇ ಇದ್ದಳು. ಎದ್ದು ನನ್ನ ಮುಖ ನೋಡಿದಳು. ಕುರಿ ದಾಟಲಿ ಎಂದು ನಿಲ್ಲಿಸಿದೆ ಅಂದೆ. ಅಲ್ಲಿಂದ ಹೊಲಕ್ಕೆ ಹೋದದ್ದೂ, ಸಂಜೆ ಊರಿಗೆ ಬಂದದ್ದೂ ಒಂದನೇ ಗೇರಿನಲ್ಲೇ.

ಕೊಟ್ಟೂರಿನ ಬಾಬುಸಾಬ್ ಮಿಸ್ತ್ರಿಯ ಹತ್ತಿರ ನೀನು ವರ್ಷಕ್ಕೊಮ್ಮೆ ಹೋಗುತ್ತಿದ್ದೆ, ಅದೂ ಬೆಸುಗೆ ಹಾಕಿಸಲು. ಮರುದಿನ ನಾನೊಬ್ಬನೇ ಗಾಡಿ ಒಯ್ದೆ. ಅವನು ಚೀಲ ಹಾಸಿಕೊಂಡು ಕೆಳಗೆ ನುಸುಳಿದ. ಆಮೇಲೆ ನನ್ನನ್ನೂ ಕೆಳಗೆ ಕರೆದ. ಬ್ರೇಕಿನದು ದೊಡ್ಡ ಮಾತಲ್ಲ, ಪೂರ್ತಿ ಹೊಸದು ಹಾಕಿಕೊಡುತ್ತೇನೆ ಅಂದ. ಆದರೆ ಗಾಡಿಯ ಭಾರವೆಲ್ಲ ಹೊರುವ ಚಾಸಿಯ ಮೇಲೆ, ಹಿಂದಿನ ಸ್ಪ್ರಿಂಗ್ ಪಾಟಾ ಕೂರುವ ಜಾಗದಲ್ಲಿ, ಬೆಸುಗೆಯ ಮೇಲೆ ಬೆಸುಗೆ ಹಾಕಿದ ಗಂಟುಗಳಿದ್ದವು. ಪಕ್ಕದಲ್ಲಿ ಸ್ಕ್ರೂಡ್ರೈವರ್ ಒತ್ತಿ ತೋರಿಸಿದ. ಅದು ಒಳಗೆ ಹೋಯಿತು. ತುಕ್ಕು ನನ್ನ ಕಣ್ಣಿಗೆ ಉದುರಿತು.

"ನಿಮ್ಮಾವ ಇದನ್ನ ರಿಪೇರಿ ಮಾಡಸ್ಲಿಲ್ಲೋ ಕೊಟ್ರೇಶಿ," ಎಂದ. "ಇದರ ರೋಗ ರೂಢಿ ಮಾಡ್ಕೊಂಡ. ಅವನ ಕೂಡ ಇದು ಹೊಂದ್ಕೊಂಡು ಹೋತು. ನೀ ಒಬ್ಬನ ಓಡಾಡಂಗಿದ್ರ ಇನ್ನೊಂದು ಬೆಸುಗಿ ಹಾಕ್ತಿದ್ದೆ. ನೀ ಮಂದಿ ಹತ್ತಿಸ್ತಿ."

ಕೆಳಗೆ ಮಲಗಿದ್ದಾಗಲೇ ನನಗೆ ಹರಪನಹಳ್ಳಿ ದಾರಿಯ ಆ ಹುಣಸೆಮರ ನೆನಪಾಯಿತು. ನೀನು ಗಾಡಿ ಪಕ್ಕಕ್ಕೆ ಹಾಕಿ, ಇಳಿದು, ಮರಕ್ಕೆ ಒರಗಿ ನಿಂತಿದ್ದೆ. ಬೆವರು ಸುರಿಯುತ್ತಿತ್ತು. ಮುಷ್ಟಿ ಕಟ್ಟಿ ಎದೆಗೆ ಎರಡು ಸಲ ಗುದ್ದಿಕೊಂಡೆ. "ಗ್ಯಾಸು. ನಿಮ್ಮತ್ತಿಗೆ ಹೇಳಬ್ಯಾಡ, ಸುಮ್ನ ಹೆದರ್ತಾಳ." ಅಷ್ಟು ಹೇಳಿ ಮತ್ತೆ ಸ್ಟೇರಿಂಗ್ ಹಿಡಿದೆ. ಅದಾದ ಮೇಲೆ ಇನ್ನೂ ನಾಲ್ಕು ಸಲ ಹಾಗೆ ಆಯಿತು. ನಾನು ಎಣಿಸಿದ್ದೆ. ಎಣಿಸಿದವನು ಹೇಳಲಿಲ್ಲ. ನಿನ್ನ ಮೇಲಿನ ಗೌರವ ಎಂದುಕೊಂಡಿದ್ದೆ. ಅದು ಹೆದರಿಕೆ. ಮಾತಾಡಿದರೆ ನೀನು ಬೈಯುತ್ತೀಯ, ಅತ್ತೆ ಅಳುತ್ತಾಳೆ, ಎಲ್ಲರೂ ನನ್ನನ್ನು ನೋಡುತ್ತಾರೆ ಎನ್ನುವ ಹೆದರಿಕೆ. ನೀನು ಹಿತ್ತಲಿನಲ್ಲಿ ನೀರಿನ ತೊಟ್ಟಿಯ ಹತ್ತಿರ ಬಿದ್ದ ದಿನ ಮನೆಗೆ ಬಂದವರಿಗೆಲ್ಲ ಅತ್ತೆ ಹೇಳುತ್ತಿದ್ದಳು, ಇದ್ದಕ್ಕಿದ್ದಂತೆ ಹೋದರು ಎಂದು. ನಾನು ಬಾಗಿಲ ಹಿಂದೆ ನಿಂತು ಆ ಮಾತು ಕೇಳುತ್ತಿದ್ದೆ. ಇದ್ದಕ್ಕಿದ್ದಂತೆ...

ಬಾಬುಸಾಬ್ ಹತ್ತಿರದಿಂದ ನಾನು ಬಂದ ಸಂಜೆ ಅತ್ತೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬ್ರೇಕ್ ಹೋಗಿದೆ, ಗಾಡಿ ಇನ್ನು ಬೇಡ ಅಂದೆ. ಹೊಸ ಬ್ರೇಕ್ ಹಾಕಿಸಿದರಾಯಿತು ಎಂದಳು. ಚಾಸಿಯ ವಿಷಯ ಹೇಳಿದೆ. ಅವಳ ಕೈ ಜೋರಾಯಿತು, ಜೋಳ ಹೊರಗೆ ಸಿಡಿಯಿತು.

"ನಿಮ್ಮಾವ ಇಷ್ಟು ವರ್ಷ ಓಡಿಸ್ಯಾರ, ಒಂದು ಕೋಳಿ ಸೈತ ಸತ್ತಿಲ್ಲ. ನಿನ್ನ ಕೈಗೆ ಬಂದ ಮ್ಯಾಲ ಕೆಟ್ಟಾತೇನು?"

ಬೇರೆ ದಿನವಾಗಿದ್ದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಎದ್ದೂ ಇದ್ದೆ. ಹೊಸ್ತಿಲ ಹತ್ತಿರ ಹೋದವನು ಮತ್ತೆ ಬಂದು ಕೂತೆ.

"ಮಾವನ ಎದಿ ನೋವು ನನಗ ಮೊದ್ಲ ಗೊತ್ತಿತ್ತು ಅತ್ತಿ. ಐದು ಸಲ ನೋಡೀನಿ. ನಿನಗ ಹೇಳಲಿಲ್ಲ."

ಮೊರ ನಿಂತಿತು. ಬೈಯುತ್ತಾಳೆ, ಮನೆಯಿಂದ ಹೊರಗೆ ಹಾಕುತ್ತಾಳೆ ಎಂದುಕೊಂಡೆ. ಅವಳು ಜೋಳದಲ್ಲಿದ್ದ ಒಂದು ಸಣ್ಣ ಕಲ್ಲನ್ನು ಹೆಕ್ಕಿ ಬೆರಳಲ್ಲಿ ಹಿಡಿದುಕೊಂಡು ಕೂತಳು.

"ಅಂಗಿ ಒಗಿಯೋವಾಗ ಜೇಬಿನ್ಯಾಗ ಗುಳಿಗಿ ಸಿಗ್ತಿದ್ವು," ಎಂದಳು. "ತಗದಿಟ್ಟು, ಒಗದು, ಒಣಗಿದ ಮ್ಯಾಲ ಮತ್ತ ಜೇಬಿನ್ಯಾಗ ಹಾಕ್ತಿದ್ದೆ. ನಾನೂ ಕೇಳಲಿಲ್ಲೋ ಕೊಟ್ರ."

ಕತ್ತಲಾಗುವವರೆಗೆ ಇಬ್ಬರೂ ಜೋಳದ ಕಲ್ಲು ಆರಿಸಿದೆವು. ದೀಪ ಹಾಕಲು ಏಳುವಾಗ, "ನಾಳಿ ಯಾರನ್ನೂ ಹತ್ತಿಸಬ್ಯಾಡ" ಎಂದಳು.

ಹೆಂಗಸರಿಗೆ ನಾನೇ ಹೇಳಬೇಕಾಯಿತು. ಹದಿನಾಲ್ಕು ಜನ ಬುತ್ತಿ ಗಂಟು ಹಿಡಿದು ನಿಂತಿದ್ದರು. ನೆಲ ನೋಡುತ್ತಾ ಹೇಳಿದೆ, ಬ್ರೇಕಿನದೂ, ಸೇತುವೆಯದೂ, ಎಲ್ಲವೂ. ಅಂದಿನ ಕೂಲಿ ತಪ್ಪಿತೆಂದು ಕೆಲವರು ಗೊಣಗಿದರು. ಹನುಮಕ್ಕ ಬಂದು ನನ್ನ ಮುಂದೆ ನಿಂತಳು. "ಸೇತುವಿ ಹತ್ರ ಕಲ್ಲು ಇಡೋವಾಗ ಗಾಲಿ ಸುಟ್ಟು ನಾರ್ತಿತ್ತು ಡ್ರೈವರಪ್ಪ. ನೀನ ಹೇಳ್ತಿ ಅಂತ ಕಾದೆ. ನಾವೇನು ಉಳ್ಳಾಗಡ್ಡಿ ಚೀಲ ಅನ್ಕೊಂಡಿದ್ದೇನು?" ಅವಳಿಗೂ ಗೊತ್ತಿತ್ತು ನೋಡು. ಗೊತ್ತಿದ್ದೂ ಅವತ್ತು ಮತ್ತೆ ಅದೇ ಗಾಡಿ ಹತ್ತಲು ಬಂದಿದ್ದಳು.

ಹರಪನಹಳ್ಳಿಯವನೊಬ್ಬ ಬಂದು, ಬಣ್ಣ ಹೊಡೆಸಿ ಓಡಿಸಿಕೊಳ್ಳುತ್ತೇನೆ, ಗುಜರಿಯವನಿಗಿಂತ ಹೆಚ್ಚಿಗೆ ಕೊಡುತ್ತೇನೆ ಎಂದ. ನನಗೆ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಅತ್ತೆ ಒಪ್ಪಲಿಲ್ಲ. ಯಾರ ಮನೆಯ ಮಂದಿ ಹತ್ತುತ್ತಾರೋ ಎಂದಳು. ಗುಜರಿಯವನು ನಿನ್ನ ಗಾಡಿಯನ್ನು ಕೊಯ್ಯುವಾಗ ನಾನು ನೋಡಲಾರದೆ ತಿರುಗಿ ನಿಂತೆ. ನಿನಗೆ ಮೋಸ ಮಾಡಿದೆನೇನೋ ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಟವೆಲ್ಲನ್ನು ಮಾತ್ರ ಅತ್ತೆ ತಂದುಕೊಂಡಳು. ಒಗೆದಳು.

ಈಗ ಬೇರೆ ಪಿಕಪ್ಪು ಬಂದಿದೆ. ಹೊಸದಲ್ಲ, ಆದರೆ ಬಾಬುಸಾಬ್ ಅದರ ಕೆಳಗೆ ಮಲಗಿ ಎದ್ದ ಮೇಲೇ ನಾವು ಹೂಂ ಅಂದದ್ದು. ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆ. ಹಾಗಿದ್ದರೂ ಮೊದಲ ದಿನ ಹನುಮಕ್ಕ ಆ ಮೂಲೆಗಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಳು, ಅದೇ ಉಜ್ಜಿನಿ ದಾರಿಗೆ. ಇಳಿಜಾರು ಬಂದಾಗ ನನ್ನ ಅಂಗೈ ಸ್ಟೇರಿಂಗಿಗೆ ಅಂಟಿತು. ಸೇತುವೆಗೆ ಬಹಳ ಮೊದಲೇ ತುಳಿದೆ. ನಿಂತಿತು. ನಿಂತ ಮೇಲೂ ನನ್ನ ಕಾಲು ಎರಡನೇ ಸಲ ತುಳಿಯಲು ಮೇಲೆದ್ದಿತು. ಅದನ್ನು ಅಲ್ಲೇ ಹಿಡಿದೆ. ಹಿಂದಿನಿಂದ, ಇಲ್ಯಾಕ ನಿಂತ್ಯೋ, ಕುರಿನೂ ಇಲ್ಲ ಎಂದು ಯಾರೋ ಕೂಗಿದರು.

ಕೊನೆಗೆ ಒಂದು ಸುದ್ದಿ. ಇದಕ್ಕಾಗಿಯೇ ಕಾಗದ ಬರೆಯಲು ಕೂತದ್ದು ಮಾವ, ಸುತ್ತಿ ಬಳಸಿ ಈಗ ಬಂದೆ. ಇವತ್ತು ಮಧ್ಯಾಹ್ನ ಊಟಕ್ಕೆ ಬಡಿಸುತ್ತಿದ್ದ ಅತ್ತೆ ತಟ್ಟೆ ಕೆಳಗಿಟ್ಟು, "ಕೊಟ್ರ, ಎರಡು ಕೊಡ ನೀರು ತಂದಿದ್ದಕ್ಕ ಉಸಿರು ಹತ್ತೇತಿ, ಇವತ್ತ ಮೊದಲ್ನೇ ಸಲ" ಎಂದಳು. ನಾನು ಕೇಳಿರಲಿಲ್ಲ. ಅವಳಾಗಿಯೇ ಹೇಳಿದಳು. ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಏನಿರುತ್ತದೋ, ಡಾಕ್ಟರು ಏನು ಹೇಳುತ್ತಾರೋ. ಇಳಿಜಾರಿನಲ್ಲಿ ಆದದ್ದಕ್ಕಿಂತ ಹೆಚ್ಚು ಹೆದರಿಕೆ ಈಗ ಆಗುತ್ತಿದೆ. ನಾಳೆ ಹೆಂಗಸರಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದ್ದೇನೆ. ಬೆಳಿಗ್ಗೆ ಮೊದಲು ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುತ್ತೇನೆ. ಡಾಕ್ಟರ ಮುಂದೆ ನಾನೇ ಮಾತಾಡುತ್ತೇನೆ, ನೆಲ ನೋಡಿಯಾದರೂ ಸರಿ.

ಎರಡನೇ ಸಲಕ್ಕೆ ಅವಳು ಕಾಯಲಿಲ್ಲ ಮಾವ. ನಾನೂ ಕಾಯುವುದಿಲ್ಲ.

ನಿನ್ನ,
ಕೊಟ್ರ