ಬೆರಳಿಗಂಟಿದ ಜಹಂಗೀರು

ಮೇ 3, 2021. ಸೋಮವಾರ, ಮಧ್ಯಾಹ್ನ 3

ಇವತ್ತೂ ಸ್ವೀಟ್ ಬಂತು. ಯಾದವಗಿರಿಯ ಯಾವುದೋ ದೊಡ್ಡ ಮನೆಯವರು. ಆಸ್ಪತ್ರೆ ಗೇಟಿನ ಆಚೆಯೇ ನಿಂತು, ಎರಡೆರಡು ಮಾಸ್ಕ್ ಹಾಕಿ, ನಮ್ಮ ಹೌಸ್‌ಕೀಪಿಂಗ್‌ನವರಿಗೆ ಜಹಂಗೀರಿನ ಡಬ್ಬ ನೀಡಿ ಫೋಟೋ ತೆಗೆಸಿಕೊಂಡರು. ಕೊರೋನಾ ವಾರಿಯರ್ಸ್ ಅಂತೆ ನಾವು. ಹೋದ ವರ್ಷ ಇದೇ ವಾರಿಯರ್ಸ್ ಶ್ರೀರಾಂಪುರದ ಅಂಗಡಿಗೆ ಹೋದರೆ ಜನ ಮಾರು ದೂರ ಸರಿಯುತ್ತಿದ್ದರು.

ಊಟದ ಗಾಡಿ ಬರುವತನಕ ಈ ಜಹಂಗೀರೇ ಗತಿ. ಪಿಪಿಇ ಹಾಕಿದರೆ ಆರು ಗಂಟೆ ನೀರಿಲ್ಲ. ಸೀರೆ ಮೇಲಿನ ಯೂನಿಫಾರಂ ಕೋಟಿನ ಗುಂಡಿ ಹೊಟ್ಟೆ ಹತ್ತಿರ ನಿಲ್ಲುತ್ತಿಲ್ಲ. ಬಾಯಿ ಸದಾ ಒಣ. ಕಾಲಿನ ಗಾಯ ಹದಿನೈದು ದಿನವಾದರೂ ಮಾಗಿಲ್ಲ... ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಏನು ಗೊತ್ತಾಗಬೇಕು. ಆದರೂ ಏನೋ ಇದೆ.

ಮೇ 6. ಗುರುವಾರ, ಸಂಜೆ

ಹೊಸ ಆರ್ಡರ್. ಶುಗರ್ ಇನ್ನೂರು ದಾಟಿದವರು ಕೋವಿಡ್ ವಾರ್ಡಿಗೆ ಬರಬಾರದು. ನರ್ಸುಗಳಾದರೆ ಬೇರೆ ವಾರ್ಡ್. ಕಾಂಟ್ರ್ಯಾಕ್ಟ್‌ನ ನಮಗೆ ಮನೆ ದಾರಿ.

ಸೂಪರ್‌ವೈಸರ್ ಶಿವಪ್ರಕಾಶ ಸ್ಟೋರ್‌ರೂಮಿನಲ್ಲಿ ನಮ್ಮ ಬೆರಳು ಚುಚ್ಚಿದ. ಮಹಾಶಯನಿಗೆ ಇವತ್ತಿನ ಸ್ವೀಟ್ ಹಂಚಿದ ಮೇಲೇ ನೆನಪಾಗಿದ್ದು. ಹದಿನಾಲ್ಕರಲ್ಲಿ ಒಂಬತ್ತು ಜನರದ್ದು ಇನ್ನೂರರ ಮೇಲೆ. ಒಂಬತ್ತು ಜನ ಹೋದರೆ ನೆಲ ಒರೆಸುವವರು ಯಾರು? ಬೆವರಿದ. ಆಮೇಲೆ ಪಂಡಿತನ ಬಾಯಿ ತೆರೆಯಿತು.

“ಎಲ್ಲಾ ಜಹಂಗೀರು ತಿಂದ್ಬುಟ್ಟು ಸೀರೆಗೆ ಕೈ ಒರೆಸ್ಕೊಂಡಿದೀರ. ಇದು ಬೆರಳಿಗೆ ಅಂಟಿರೋ ಸಕ್ಕರೆ ಕಣ್ರೀ, ರಕ್ತದ್ದಲ್ಲ.”

ಕೈ ತೊಳೆಸಿ ಮತ್ತೆ ನೋಡಲಿಲ್ಲ. ಪಟ್ಟಿಯಲ್ಲಿ ಎಲ್ಲರಿಗೂ ನಾರ್ಮಲ್ ಅಂತ ಬರೆದ.

ನಾನು, ಸರೋಜಮ್ಮ ಇವತ್ತು ಸ್ವೀಟ್ ಮುಟ್ಟಿರಲಿಲ್ಲ. ಇಬ್ಬರೂ ಸೋಪು ಹಾಕಿ ಕೈ ತೊಳೆದೇ ಹೋಗಿದ್ದೆವು. ನನ್ನದು 312. ಅವಳದು 386. ಬಾಯಿ ತೆರೆಯಲು ಹೋದೆ. ಸರೋಜಮ್ಮ ಮೊಣಕೈಯಲ್ಲಿ ತಿವಿದಳು.

“ಸುಮ್ನಿರು ಮುದ್ದಮ್ಮ. ನಾವೂ ತಿಂದ್ವಿ ಅಂದ್ಬುಡು. ಮನೆಗೆ ಕಳಿಸಿದ್ರೆ ತಿರ್ಗಾ ಕರೀತಾರಾ ಇವ್ರು?”

ಎರಡು ತಿಂದೆ ಸಾರ್ ಅಂದೆ. ಥೂ, ನನ್ನ ಬಾಯಿಗೆ.

ಮೇ 7. ಬೆಳಿಗ್ಗೆ

ಮೆಂತ್ಯದ ನೀರು ಕುಡಿದೆ. ಇಷ್ಟರಿಂದ ಆಗುವುದಾದರೆ ಡಾಕ್ಟರುಗಳು ಯಾಕೆ ಬೇಕಿತ್ತು.

ಮೇ 19. ಬುಧವಾರ, ಸಂಜೆ 5

ಸರೋಜಮ್ಮ ಈಗ ನಮ್ಮದೇ ವಾರ್ಡಿನ ಪೇಷಂಟ್. ನಾಲ್ಕು ದಿನ ಜ್ವರ ಮುಚ್ಚಿಟ್ಟು ಕೆಲಸ ಮಾಡಿದಳು. ಇವತ್ತು ಆಕ್ಸಿಜನ್ ಇಳಿಯಿತು. ಸ್ಟೆರಾಯ್ಡ್ ಬರೆದರು. ಅದನ್ನು ಕೊಟ್ಟರೆ ಶುಗರ್ ಏರುತ್ತದೆ — ಇದೊಂದು ಈ ವಾರ್ಡಿನಲ್ಲಿ ಕಣ್ಣಾರೆ ಕಂಡು ಕಲಿತಿದ್ದೇನೆ. ಕೇಸ್‌ಶೀಟಿನಲ್ಲಿ ಶುಗರ್ ಇಲ್ಲ ಅಂತಿದೆ. ಶಿವಪ್ರಕಾಶನ ಪಟ್ಟಿ ನೋಡಿ ಬರೆದದ್ದು. ನಲವತ್ತು ಪೇಷಂಟ್, ಇಬ್ಬರು ನರ್ಸ್. ಯಾರು ಮತ್ತೆ ನೋಡುತ್ತಾರೆ?

ಅವಳ ಮಂಚದ ಕೆಳಗೆ ಒರೆಸಿದ ಜಾಗವನ್ನೇ ಮೂರು ಸಲ ಒರೆಸಿದೆ. ಹೇಳಿದರೆ ನನ್ನದೂ ಹೊರಬೀಳುತ್ತದೆ. ಭಾನುಪ್ರಿಯಾ ಸಿಸ್ಟರ್ ಇಂಜೆಕ್ಷನ್ ತಂದರು.

“ಸಿಸ್ಟರ್, ಆ ಪಟ್ಟಿ ಸುಳ್ಳು. ಸರೋಜಮ್ಮಂಗೆ ಶುಗರ್ ಇದೆ.”

“ನಿಮಗೆ ಹೆಂಗೆ ಗೊತ್ತು?”

“ಅವತ್ತು ಬೆರಳು ಚುಚ್ಚೋ ಮುಂಚೆ ಜೊತೇಲಿ ಕೈ ತೊಳೆದವಳು ನಾನೇ.”

ಚುಚ್ಚಿ ನೋಡಿದರು. 452. ಡಾಕ್ಟರನ್ನು ಕರೆಸಿ ಮೊದಲು ಇನ್ಸುಲಿನ್ ಹಾಕಿದರು. ಸರೋಜಮ್ಮ ಮಾಸ್ಕಿನ ಮೇಲಿಂದ ನನ್ನನ್ನು ಕಳ್ಳಿಯನ್ನು ನೋಡುವ ಹಾಗೆ ನೋಡಿದಳು. ನೋಡಲಿ.

ಡ್ಯೂಟಿ ಮುಗಿಸಿ ಪಿಪಿಇ ಬಿಚ್ಚಿ ಬಂದರೆ ಸಿಸ್ಟರ್ ಬಾಗಿಲಲ್ಲೇ ಕಾಯುತ್ತಿದ್ದರು. ನಿಮ್ಮದೆಷ್ಟಿತ್ತು ಅಂದರು. ಪಕ್ಕದಲ್ಲಿ ಶಿವಪ್ರಕಾಶ. ಹೇಳಬೇಡ ಅಂತ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ. ಎಂಥ ಗಂಡಸು. ಬೆರಳು ಚಾಚಿದೆ. 347.

ಮೇ 20. ಬೆಳಿಗ್ಗೆ 6:30

ಫೋನು ಬಡಿದುಕೊಳ್ಳುತ್ತಿದೆ. ಶಿವಪ್ರಕಾಶ. ಬರಬೇಡ ಅನ್ನುವುದಕ್ಕೇ ಇರಬೇಕು. ಎತ್ತಿದರೆ ತಾನೇ. ಒಳಗೆ ಬಿಡದಿದ್ದರೆ ಗೇಟಿನಲ್ಲೇ ನಿಂತು ಸಿಸ್ಟರನ್ನು ಕೇಳುತ್ತೇನೆ, ಸರೋಜಮ್ಮನ ಬೆಳಗಿನ ಶುಗರ್ ಎಷ್ಟಕ್ಕೆ ಇಳಿಯಿತು ಅಂತ.