ಸೀಗೆಬೆಟ್ಟದ ತುದಿಯಲ್ಲಿ ನೀರು ಬಿಟ್ಟ ದಿನ

ಸೀಗೆಬೆಟ್ಟದ ಕಾವಲುಮನೆ,
ಕ್ರಿಸ್ತಶಕ ೨೧೯೪, ಮಂಜು ನಿಂತ ಇಪ್ಪತ್ತಾರನೆಯ ದಿನ.

ಹಿಂದಿನ ಕಾಲದವರಿಗೆ,

ನಿಮ್ಮ ಕನ್ನಡವನ್ನು ನಾನು ಅರಣ್ಯ ಕಚೇರಿಯ ಹಳೆಯ ಕಡತಗಳನ್ನು ಓದಿ ಕಲಿತವಳು. ಕೆಲವು ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ.

ನನ್ನ ಹೆಸರು ಕುಸುಮಾಲೆ. ಈ ಅಭಯಾರಣ್ಯದಲ್ಲಿ ನಾನು ಎಣಿಕೆಯವಳು. ಬೆಟ್ಟದ ಮೇಲೆ ಏನೇನು ಇನ್ನೂ ಜೀವದಿಂದಿದೆ ಎಂದು ದಿನವೂ ನಡೆದು ನೋಡಿ ಬರೆದಿಡುವುದು ನನ್ನ ಕೆಲಸ. ಜೊತೆಗಿರುವವನು ನನ್ನ ಸೋದರಮಾವ ಬೇದೇಗೌಡ, ಅರವತ್ತೆಂಟು ವರ್ಷದವನು. ಕೆಳಗಿರುವ ನಮ್ಮ ಸೋಲಿಗರ ಪುಟ್ಟ ಊರು, ಪೋಡಿನಲ್ಲಿ ಹುಟ್ಟಿ, ನಡೆಯಲು ಕಲಿತಾಗಿನಿಂದ ಕಾಡಿನಲ್ಲೇ ಇದ್ದವನು. ಅವನು ಹೆದರಿದ್ದನ್ನು ಈ ವರ್ಷದವರೆಗೆ ನಾನು ಕಂಡಿರಲಿಲ್ಲ.

ಇಲ್ಲಿ ತಂಪುಗೆರೆ ಎಂದು ಒಂದಿದೆ. ಆ ಗೆರೆಯಿಂದ ಮೇಲಕ್ಕೆ ಮಾತ್ರ ಸೀತಾಳೆದಂಡೆ ಹೂ ಬಿಡುತ್ತದೆ, ಮರದ ಬೊಡ್ಡೆಗೆ ಪಾಚಿ ಹಿಡಿಯುತ್ತದೆ. ಕೆಳಗೆಲ್ಲ ಲಂಟಾನ ಮತ್ತು ಕಾವು. ನನ್ನ ಅವ್ವ ಎಣಿಕೆಯವಳಾಗಿದ್ದಾಗ ಗೆರೆ ಬೆಟ್ಟದ ನಡುವಿಗಿತ್ತು. ಈಗ ತುದಿಯಿಂದ ಒಂದು ಕೂಗಳತೆ ದೂರದಲ್ಲಿದೆ. ಮಳೆಯನ್ನು ನಂಬುವಂತಿಲ್ಲ, ಅದಕ್ಕೇ ಮಂಜುಬಲೆ ಕಟ್ಟಿದ್ದೇವೆ. ಬೆಳಗಿನ ಮಂಜು ಬಲೆಗೆ ಹತ್ತಿ, ಹನಿಹನಿಯಾಗಿ ತೊಟ್ಟಿಗೆ ಇಳಿಯುತ್ತದೆ. ಆ ನೀರಿನಲ್ಲಿ ಒಂಬತ್ತು ವರ್ಷ ನಾನು ಇನ್ನೂರ ಹನ್ನೆರಡು ಕಾಡುಸಂಪಿಗೆ ಸಸಿ ಸಾಕಿದ್ದೆ. ತಾಯಿಮರ ಬಿದ್ದುಹೋದ ಮೇಲೆ ಈ ಬೆಟ್ಟದಲ್ಲಿ ಉಳಿದ ಸಂಪಿಗೆ ಅಷ್ಟೇ.

ಈ ಸಲ ಮಂಜು ಒಮ್ಮೆಲೇ ನಿಂತಿತು. ಒಂಬತ್ತನೆಯ ದಿನ ಬೆಳಿಗ್ಗೆ ಮೊದಲು ಬಂದದ್ದು ಹೆಜ್ಜೇನು. ತೊಟ್ಟಿಯ ನಲ್ಲಿ ಕಾಣದ ಹಾಗೆ ಕವಿದು ಕುಳಿತವು. ಆಮೇಲೆ ಮುಸುವ ಕೋತಿಗಳು ಬಂದವು, ಒಂದೂ ಕೂಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾವಲುಮನೆಯ ಬೇಲಿಯ ಸುತ್ತ ಕಾಟಿ, ಕಡವೆ, ಎರಡು ಕರಡಿ, ಒಂದು ಮರಿಯೂ ಸೇರಿ ಏಳು ಆನೆ. ಸೀಳುನಾಯಿಗಳ ಹಿಂಡೊಂದು ಕಡವೆಯ ಮರಿಯ ಪಕ್ಕದಲ್ಲೇ ನಾಲಗೆ ಚಾಚಿ ಮಲಗಿತ್ತು. ಕಡವೆ ಓಡಲಿಲ್ಲ, ನಾಯಿ ಏಳಲಿಲ್ಲ. ಅದನ್ನು ಕಂಡೇ ನಾನು ಒಳಗೆ ಓಡಿದೆ. ಬಾಗಿಲಿಗೆ ಅಗುಳಿ ಹಾಕಿಬಿಟ್ಟೆ.

ಬೇಲಿಯಾಚೆ ಒಂದು ಕಲ್ಲುಬಾನಿಯಿದೆ. ತೊಟ್ಟಿಯ ನೀರನ್ನು ಅದಕ್ಕೆ ಬಿಡೋಣವೆಂದು ಮಾವ ಹೇಳಿದ. ನಾನು ಒಪ್ಪಲಿಲ್ಲ. ಇದ್ದ ನೀರು ಸಸಿಗಳಿಗೆ ಇಪ್ಪತ್ತು ದಿನಕ್ಕೆ ಆಗುತ್ತಿತ್ತು. ಅಷ್ಟರಲ್ಲಿ ಮಂಜು ಬರಬಹುದೆಂಬ ಆಸೆ ನನಗೆ.

“ನೀರ್ ಬುಟ್ರ ಸಸಿ ಒಂದೂ ಉಳಿಯಲ್ಲ ಮಾವ. ಆಮ್ಯಾಲ ಸಂಪಗ ಅನ್ನೋದೇ ಇರಲ್ಲ,” ಅಂದೆ.

ಅವನು ಕಿಟಕಿಯಿಂದ ಕಣ್ಣು ತೆಗೆಯದೆ ಹೇಳಿದ: “ಹಣ್ಣ ತಿಂದು ಬೀಜ ಹೊತ್ಗಂಡೋಗರೇ ಇಲ್ದ ಮ್ಯಾಲ ಆ ಮರ ಯಾರ್ಗ, ಕೂಸು?”

ಬಾನಿಗೆ ನೀರು ಬಿಡುವ ತಿರುಪು ಬೇಲಿಯ ಹೊರಗಿತ್ತು. ಮಾವ ಕೈಯಲ್ಲಿ ಕೋಲೂ ಹಿಡಿಯದೆ ಹೋದ, ಬಗ್ಗಿ ತಿರುಪು ಬಿಟ್ಟ. ನೀರಿನ ಸದ್ದಿಗೆ ಅಷ್ಟೂ ಪ್ರಾಣಿಗಳು ಒಟ್ಟಿಗೆ ನುಗ್ಗಿದವು. ತಿರುಗಿ ಬರಲು ಅವನಿಗೆ ದಾರಿಯೇ ಉಳಿಯಲಿಲ್ಲ. ಬಾನಿಗೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು, ಕಾಟಿಗಳ ಕೊಂಬಿನ ನಡುವೆ ನಿಂತುಕೊಂಡ. ಬಿಸಿಲು ಇಳಿಯುವ ಹೊತ್ತಿಗೆ ಹುಲ್ಲಿನಿಂದ ಒಂದು ಹುಲಿ ಎದ್ದು ಬಂತು. ನಾನು ಕಿಟಕಿಯ ಕಂಬಿ ಹಿಡಿದು ನಿಂತಿದ್ದೆ. ಅದು ಅವನ ಮೊಣಕಾಲಿಗೆ ಮೈ ಸವರಿಕೊಂಡು ಹೋಗಿ, ಕಡವೆಗಳ ನಡುವೆ ಬಾಯಿ ಹಾಕಿ ಕುಡಿದು, ಅಲ್ಲೇ ಮಲಗಿತು.

ಮಾವ ಒಳಗೆ ಬಂದಾಗ ಪಂಚೆ ಒದ್ದೆಯಾಗಿತ್ತು. ಮೂಲೆಯಲ್ಲಿ ಕುಳಿತು ಬಹಳ ಹೊತ್ತು ಅತ್ತ. “ಹುಲಿ ನನ್ನ ನೋಡ್ನೇ ಇಲ್ಲ ಕೂಸು,” ಎಂದ. “ನಾ ಅಲ್ಲಿದ್ದೀನಿ ಅಂತ್ಲೂ ಅದ್ಕ ಬೇಕಾಗಿರ್ನಿಲ್ಲ.”

ತೊಟ್ಟಿ ಎರಡೇ ದಿನಕ್ಕೆ ಬರಿದಾಯಿತು. ನಾವು ಅಕ್ಕಿ ತೊಳೆದ ನೀರು ಹಾಕಿ ಹನ್ನೊಂದು ಸಸಿ ಉಳಿಸಿಕೊಂಡೆವು. ಪ್ರಾಣಿಗಳು ಮಾತ್ರ ಇಳಿದುಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಪಕ್ಕದ ಹೆಬ್ಬೆಟ್ಟದಲ್ಲಿ ಇನ್ನೂ ಹೊಳೆ ಹರಿಯುತ್ತದೆ. ಎರಡು ಬೆಟ್ಟದ ನಡುವಿನ ಗಾಳಿಕಣಿವೆಯಲ್ಲಿ ನಿಮ್ಮ ಕಾಲದವರು ರಸ್ತೆ ಮಾಡಿ, ಪ್ರಾಣಿಗಳು ವಾಹನಕ್ಕೆ ಅಡ್ಡ ಬರಬಾರದೆಂದು ಉದ್ದಕ್ಕೂ ಗೋಡೆ ಎತ್ತಿದ್ದಾರೆ. ಆ ರಸ್ತೆಯಲ್ಲಿ ಒಂದು ಬಂಡಿ ಓಡಾಡಿ ನಲವತ್ತು ವರ್ಷವಾಯಿತು. ಗೋಡೆಗೆ ಒಂದು ಬಿರುಕೂ ಬಿಟ್ಟಿಲ್ಲ.

ಹದಿಮೂರನೆಯ ದಿನ ನಾವಿಬ್ಬರೂ ಪೋಡಿನ ಒಂಬತ್ತು ಜನರನ್ನು ಕರೆದುಕೊಂಡು ಹಾರೆ, ಸುತ್ತಿಗೆ ಹಿಡಿದು ಕಣಿವೆಗೆ ಇಳಿದೆವು. ಬೆನ್ನ ಹಿಂದೆ ಇಳಿಜಾರಿನಲ್ಲಿ ಆನೆಗಳು ನಮ್ಮನ್ನೇ ನೋಡುತ್ತ ನಿಂತಿದ್ದವು. ಮೂರು ದಿನ ಸರದಿಯಂತೆ ಗೋಡೆ ಒಡೆದೆವು. ನಾಲ್ಕನೆಯ ದಿನ ಗೋಡೆಯಲ್ಲಿ ಒಂದು ಆನೆ ಹಿಡಿಯುವಷ್ಟು ಕಿಂಡಿ ಬಿದ್ದದ್ದೇ ತಡ, ಆಚೆಯ ಹೊಳೆಯ ವಾಸನೆ ಈಚೆಗೆ ಬಂತು. ನಾವು ಬಂಡೆಯ ಮೇಲೆ ಹತ್ತಿಕೊಂಡೆವು.

ಆನೆಗಳು ಮರಿಯನ್ನು ಎರಡು ದೊಡ್ಡ ಆನೆಗಳ ನಡುವೆ ಇಟ್ಟುಕೊಂಡು ನಡೆಯುತ್ತವೆ. ಕಿಂಡಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ತಾಯಿ ಮುಂದೆ ದಾಟಿತು. ಹಿಂದಿನಿಂದ ಕಾಟಿಗಳ ಹಿಂಡು ನುಗ್ಗಿತು. ಮರಿ ಗೋಡೆಯ ಅಂಚಿಗೆ ಸಿಕ್ಕಿಕೊಂಡಿತು. ಅದು ಕೂಗಿದ್ದು ನಾಲ್ಕೈದು ಸಲ, ಅಷ್ಟೇ. ತಾಯಿ ಆಚೆಯಿಂದ ತಲೆಯಿಂದ ಗೋಡೆ ಗುದ್ದುತ್ತ ಎರಡು ದಿನ ಅಲ್ಲೇ ನಿಂತಿತ್ತು. ಅದು ಹೊಳೆಯ ಕಡೆ ಹೋದ ಮೇಲೆ ನಾವು ಮರಿಯನ್ನು ಮಣ್ಣು ಮಾಡಿ ಕಿಂಡಿಯನ್ನು ಅಗಲಿಸಿದೆವು. ಕಡವೆಗಳು ದಾಟಿದವು, ಕರಡಿಗಳು ದಾಟಿದವು. ಹುಲಿ ದಾಟಿದ ಹೆಜ್ಜೆ ಸಿಗಲಿಲ್ಲ. ಬಾನಿಯ ಹತ್ತಿರದ ಹುಲ್ಲಿನಲ್ಲಿ ಮೊನ್ನೆ ಅದರ ಹೆಣ ಸಿಕ್ಕಿತು.

ಇವತ್ತು ತಂಪುಗೆರೆಯ ಮೇಲೆಲ್ಲ ಎಣಿಸುತ್ತ ನಡೆದೆ. ಪುಸ್ತಕದಲ್ಲಿ ಬರೆಯಲು ಸಿಕ್ಕಿದ್ದು ಇರುವೆ ಸಾಲು, ಒಂದು ಓತಿಕೇತ. ಗಾಳಿಯಿತ್ತು, ಎಲೆ ಉದುರಿದ ಮರಗಳಲ್ಲಿ ಸದ್ದು ಇರಲಿಲ್ಲ. ಅರ್ಧ ದಾರಿಯಲ್ಲಿ ನನ್ನ ಹೆಜ್ಜೆಯ ಸದ್ದಿಗೇ ಬೆಚ್ಚಿ ಓಡಿಬಂದು ಮಾವನ ಪಕ್ಕ ಕುಳಿತೆ.

ಈ ಕಾಗದ ನಿಮ್ಮನ್ನು ತಲುಪುವ ಹೊತ್ತಿಗೆ ಗಾಳಿಕಣಿವೆಯ ರಸ್ತೆಯ ನಕ್ಷೆ ಯಾರದೋ ಮೇಜಿನ ಮೇಲಿರಬಹುದು. ಅವರನ್ನು ಹುಡುಕಿ ಹೇಳಿ. ಗೋಡೆ ಕಟ್ಟಲೇಬೇಕೆಂದರೆ ಕಟ್ಟಲಿ, ಆದರೆ ಕಣಿವೆಯ ತಗ್ಗಿನಲ್ಲಿ ಎರಡು ಆನೆ ಪಕ್ಕಪಕ್ಕ ನಡೆಯುವಷ್ಟು ಜಾಗ ಬಿಡಲಿ. ಅವುಗಳ ನಡುವೆ ಮರಿಯಿರುತ್ತದೆ. ಅಳತೆ ಹಿಡಿಯುವಾಗ ಅದನ್ನೂ ಸೇರಿಸಲಿ.

ಇಂತಿ,
ಕುಸುಮಾಲೆ